ಕೌದಿಯ ನಾಲ್ಕನೇ ಮೂಲೆ

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಕಲ್ಯಾಣಮ್ಮನವರ ಕೌದಿ ಅಂದರೆ ಗೊತ್ತಿಲ್ಲದವರಿಲ್ಲ. ಹೊಸಹಳ್ಳಿಗೆ ಮೆಟ್ರೊ ಬರುವ ಮುಂಚೆಯೇ ಶುರುವಾದದ್ದು ಅದು. ಮೆಟ್ರೊ ಬಂದು, ಹಳತಾಗಿ, ಜನ ಅದರಲ್ಲೂ ಸೀಟಿಗೆ ಜಗಳವಾಡುವ ಕಾಲ ಬಂದರೂ ಕೌದಿ ಮಾತ್ರ ಮುಗಿದಿರಲಿಲ್ಲ. ರಸ್ತೆಯ ತುದಿಯ ಮೋರಿ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಜನ ಇದೂ ಕಲ್ಯಾಣಮ್ಮನೋರ ಕೌದಿಯಾಯ್ತು ಎಂದು ನಗುತ್ತಿದ್ದರು. ಕಲ್ಯಾಣಮ್ಮನೂ ಅವರ ಜೊತೆ ಸೇರಿ ನಗುತ್ತಿದ್ದರು. ನಗುವುದು ಸುಲಭವಿತ್ತು. ಯಾಕೆ ಮುಗಿಸುತ್ತಿಲ್ಲ ಎಂದು ಹೇಳುವುದು ಅಷ್ಟು ಸುಲಭವಿರಲಿಲ್ಲ.

ಕೌದಿ ಅಂದರೆ ಮತ್ತೇನಲ್ಲ, ಹಳೆಯ ಸೀರೆ, ಧೋತರ, ಅಂಗಿ, ಲಂಗಗಳನ್ನೆಲ್ಲ ಒಂದರ ಮೇಲೊಂದು ಹಾಸಿ, ಉದ್ದ ಸೂಜಿಯಲ್ಲಿ ಸಾಲು ಸಾಲಾಗಿ ಹೊಲಿದು ಮಾಡುವ ಹೊದಿಕೆ. ಕಲ್ಯಾಣಮ್ಮ ಹುಟ್ಟಿದ ರೋಣದ ಕಡೆ ಅದಿಲ್ಲದ ಮನೆಯೇ ಇರಲಿಲ್ಲ. ಸೋದರತ್ತೆ ಕಸ್ತೂರೆವ್ವನ ಮಗ ರೇವಣಸಿದ್ದಪ್ಪನವರನ್ನು ಮದುವೆಯಾಗಿ, ಅವರ ಸರ್ಕಾರಿ ನೌಕರಿಯ ಹಿಂದೆ ಬೆಂಗಳೂರಿಗೆ ಬಂದಾಗ ಟ್ರಂಕಿನಲ್ಲಿ ತಂದದ್ದು ಎರಡು ಕೌದಿ ಮತ್ತು ಮನೆತನದ ಒಂದು ಪದ್ಧತಿ. ಆ ಪದ್ಧತಿ ಹೀಗೆ: ಕೌದಿಯ ಮೂರು ಮೂಲೆ ಮುಚ್ಚಿದ ಮೇಲೆ ನಾಲ್ಕನೆಯದನ್ನು ತೆರೆದೇ ಇಡಬೇಕು. ಎಲ್ಲ ಹೊಲಿಗೆಯೂ ಮುಗಿದ ದಿನ ಒಂದು ಚೂರು ಹೋಳಿಗೆಯನ್ನು ಆ ಮೂಲೆಯೊಳಗಿಟ್ಟು, ಮೇಲೊಂದು ತ್ರಿಕೋನದ ತುಂಡು ಹಾಕಿ ಮುಚ್ಚಬೇಕು. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಿನ ನಿದ್ದೆ ಕೊಡುವುದಿಲ್ಲವಂತೆ. ಮತ್ತು ಹೊಲಿದ ಕೈಯೇ ಆ ಮೂಲೆಯನ್ನು ಮುಚ್ಚಬೇಕು, ಬೇರೆಯವರು ಮುಟ್ಟಬಾರದು.

ಮಗ ಚನ್ನವೀರೇಶನ ಹೆಂಡತಿ ಶುಭಾ ಬಸುರಿಯಾದಾಗ, ಹುಟ್ಟುವ ಮಗುವಿಗೆಂದು ಕಲ್ಯಾಣಮ್ಮ ಈ ಕೌದಿಗೆ ಕೈ ಹಚ್ಚಿದರು. ಹುಟ್ಟಿದ್ದು ವಚನಾ. ಕೂಸು ಮಗುಚಿ ಬೀಳುವ ಹೊತ್ತಿಗೆ ಮೂರು ಮೂಲೆ ಮುಗಿದಿದ್ದವು. ಆ ವರ್ಷದ ಯುಗಾದಿಗೆ ಹೋಳಿಗೆ ಮಾಡಿ, ಒಂದು ಚೂರು ಮುರಿದು ತಟ್ಟೆಯಲ್ಲಿಟ್ಟುಕೊಂಡು, ನಾಲ್ಕನೇ ಮೂಲೆಯ ಮುಂದೆ ಕೂತರು. ಸೂಜಿಗೆ ದಾರ ಪೋಣಿಸಿದರು. ಅಷ್ಟರಲ್ಲಿ ಬೇಡದ ಒಂದು ಲೆಕ್ಕ ತಲೆಗೆ ಬಂತು.

ರೋಣದಲ್ಲಿ ಅವರ ತಾಯಿ ಒಂದು ಕೌದಿಯ ನಾಲ್ಕನೇ ಮೂಲೆ ಮುಚ್ಚಿದ ವಾರದೊಳಗೆ ಲಿಂಗೈಕ್ಯರಾಗಿದ್ದರು. ಅದಾಗಿ ಎರಡು ವರ್ಷಕ್ಕೆ ಕಲ್ಯಾಣಮ್ಮ ತವರಿನ ಮದುವೆಗೆ ಹೋಗಿ ಬೆಂಗಳೂರಿಗೆ ಮರಳಿದಾಗ ಅತ್ತೆ ಕಸ್ತೂರೆವ್ವ, ಕೌದಿ ಮುಗೀತವಾ, ಎಂದು ಹೆಮ್ಮೆಯಿಂದ ಹರವಿ ತೋರಿಸಿದ್ದರು. ತಿಂಗಳು ತುಂಬುವುದರೊಳಗೆ ಅದೇ ಕೌದಿ ಹೊದ್ದು ಮಲಗಿದವರು ಏಳಲಿಲ್ಲ. ಇಬ್ಬರು ಹೆಂಗಸರು, ಎರಡು ಮೂಲೆ, ಎರಡು ಸಾವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾವು ನೀವು ಹೇಳಿಬಿಡಬಹುದು. ಕೊಂಬೆಯ ಕೆಳಗೆ ಕೂತವರಿಗೆ ಹಾಗೆ ಅನ್ನಿಸುವುದಿಲ್ಲ. ಕಲ್ಯಾಣಮ್ಮ ಅವತ್ತು ಹೋಳಿಗೆ ಚೂರನ್ನು ತಾವೇ ಬಾಯಿಗೆ ಹಾಕಿಕೊಂಡು, ಸೂಜಿಯನ್ನು ಡಬ್ಬಿಗೆ ಸೇರಿಸಿದರು.

ಆಮೇಲೆ ಶುರುವಾದವು ನೆಪಗಳು. ನಡುವಿನ ಹಸಿರು ತುಂಡು ಮಾಸಿದೆ ಎಂದು ಅದರ ಮೇಲೊಂದು ಹೊಸ ತುಂಡು. ವಚನಾಳ ಮೊದಲ ಶಾಲೆಯ ಯೂನಿಫಾರ್ಮು ಬಿಸಾಡಲು ಮನಸ್ಸಾಗದೆ ಅದಕ್ಕೊಂದು ಜಾಗ. ಗಂಡನ ನಿವೃತ್ತಿಯ ದಿನದ ಅಂಗಿಗೊಂದು ಜಾಗ. ಪಕ್ಕದ ಸಾಲು ಸೊಟ್ಟಗಾಗಿದೆ ಎಂದು ಬಿಚ್ಚಿ ಮತ್ತೆ ಹೊಲಿಯುವುದು. ಯಾರಾದರೂ ಕೇಳಿದರೆ, ಇನ್ನೊಂದೀಟು ಉಳಿದೈತಿ ಎಂಬ ಒಂದೇ ಉತ್ತರ. ಹೀಗೆ ವರ್ಷ ವರ್ಷ ಪದರ ಸೇರಿ ಸೇರಿ ಕೌದಿ ಎಷ್ಟು ದಪ್ಪವಾಯಿತೆಂದರೆ, ಬಿಸಿಲಿಗೆ ಹಾಕಲು ತಾರಸಿಗೆ ಒಯ್ಯಬೇಕಾದರೆ ಮಗ ಸೊಸೆ ಇಬ್ಬರೂ ಎರಡು ತುದಿ ಹಿಡಿಯಬೇಕಿತ್ತು. ಸೊಸೆಗೆ ಮೂಲೆ ಮುಚ್ಚಲು ಕೊಟ್ಟರೆ ಹೇಗೆ ಎಂಬ ಯೋಚನೆ ಕಲ್ಯಾಣಮ್ಮನಿಗೆ ಒಂದೇ ಒಂದು ಸಲ ಬಂದಿತ್ತು. ಅದು ಶುಭಾ ಮೇಲೆ ಸಿಟ್ಟು ಬಂದ ದಿನ. ಬಂದ ಯೋಚನೆಗೆ ತಾವೇ ಹೆದರಿ, ಎರಡು ದಿನ ಸೊಸೆಗೆ ಇಷ್ಟವಾದ ಅಡುಗೆ ಮಾಡಿ ಬಡಿಸಿದ್ದರು.

ಕೌದಿಯ ಕೆಲಸಕ್ಕೆ ಜೊತೆಗಾತಿ ಎದುರು ಮನೆಯ ಯಶೋದಮ್ಮ. ಮಾಗಡಿ ಕಡೆಯವರು. ಗಂಡ ಅಂಜಿನಯ್ಯ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದು ತೀರಿಕೊಂಡವರು. ಯಶೋದಮ್ಮ ಸ್ವತಃ ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಕಾಲರ್ ಹೊಲಿದು ಮಕ್ಕಳನ್ನು ಓದಿಸಿದವರು. ಅಡುಗೆ ಮುಗಿಸಿ ಬಂದು ಕೌದಿಯ ಒಂದು ತುದಿಯ ಮೇಲೆ ಕೂತು, ಅವರೆಕಾಯಿ ಬಿಡಿಸುತ್ತಲೋ ಸೊಪ್ಪು ಸೋಸುತ್ತಲೋ ಹರಟುವುದು ಅವರ ದಿನಚರಿ. ಹೊಲಿಗೆಗೆ ಮಾತ್ರ ಕೈ ಹಾಕುತ್ತಿರಲಿಲ್ಲ. ಜನ್ಮಕ್ಕಾಗುವಷ್ಟು ಹೊಲಿದಾಗಿದೆ ಎನ್ನುತ್ತಿದ್ದರು.

ಈ ವರ್ಷ ವಚನಾಳಿಗೆ ಧಾರವಾಡದಲ್ಲಿ ಕೃಷಿ ಪದವಿಗೆ ಸೀಟು ಸಿಕ್ಕಿತು. ಬೆಂಗಳೂರಿನ ಕುಂಡದಲ್ಲಿ ತುಳಸಿ ಬಿಟ್ಟರೆ ಬೇರೆ ಗಿಡ ಕಾಣದ ಹುಡುಗಿ ಎರೆಮಣ್ಣು ಓದಲು ಹೊರಟಳು ಎಂದು ರೇವಣಸಿದ್ದಪ್ಪ ಬೀಗಿದರು. ಹಾಸ್ಟೆಲಿಗೆ ಏನೇನು ಬೇಕು ಎಂದು ಮನೆಯವರೆಲ್ಲ ಯೋಚಿಸುತ್ತಿರುವಾಗ ವಚನಾ ಅಜ್ಜಿಯ ಹಾಸಿಗೆಯ ಮೇಲೆ ಬಿದ್ದುಕೊಂಡು ಅಂದಳು: "ಅಜ್ಜಿ, ನಂಗೆ ಬೇರೇನೂ ಬೇಡ. ನನ್ ಕೌದಿ ಕೊಟ್ಬಿಡು. ಮೂಲೆ ಹಾಗೇ ಇದ್ರೂ ಪರ್ವಾಗಿಲ್ಲ, ತಗೊಂಡು ಹೋಗ್ತೀನಿ."

ಮೂಲೆ ಹಾಗೇ ಇದ್ದರೂ ಪರವಾಗಿಲ್ಲ! ಹಸಿದ ಕೌದಿ ಹೊದ್ದು ಮೊಮ್ಮಗಳು ಗೊತ್ತಿಲ್ಲದ ಊರಿನಲ್ಲಿ ಮಲಗುವುದನ್ನು ನೆನೆಯುವುದಕ್ಕೂ ಕಲ್ಯಾಣಮ್ಮನಿಂದ ಆಗಲಿಲ್ಲ. ಮುಚ್ಚಿದರೆ ತಮ್ಮ ಜೀವ, ಮುಚ್ಚದಿದ್ದರೆ ಕೂಸಿನ ನಿದ್ದೆ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ಮನಸ್ಸು ತಾನಾಗಿ ಒಂದು ಕಡೆ ವಾಲಿತು. ಎಪ್ಪತ್ತರ ಹೊಸ್ತಿಲಿಗೆ ಬಂದಾಯಿತು, ಮಗನ ಸಂಸಾರ ಕಂಡಾಯಿತು, ಮೊಮ್ಮಗಳ ಜಡೆ ಹೆಣೆದಾಯಿತು. ಕೌದಿ ಅವಳದು, ಅವಳಿಗೆ ಹೊಟ್ಟೆ ತುಂಬಿದ ಕೌದಿಯೇ ಸಿಗಬೇಕು. ಹೆದರಿಕೆ ಹೋಗಲಿಲ್ಲ. ಆದರೆ ನಿರ್ಧಾರ ಗಟ್ಟಿಯಾಯಿತು.

ಆಮೇಲೆ ಕಲ್ಯಾಣಮ್ಮ ತಾವೇ ಹೊರಡುವ ತಯಾರಿಗೆ ನಿಂತ ರೀತಿ ನೋಡಬೇಕಿತ್ತು. ಸೊಸೆಯನ್ನು ಕೂರಿಸಿಕೊಂಡು ಶೇಂಗಾ ಚಟ್ನಿಪುಡಿಗೆ ಬೆಳ್ಳುಳ್ಳಿ ಯಾವಾಗ ಹಾಕಬೇಕು ಎಂದು ಕಲಿಸಿದರು. ಇಷ್ಟು ವರ್ಷ ಅದನ್ನು ಗುಟ್ಟಾಗಿ ಇಟ್ಟಿದ್ದರು. ಮದುವೆಯ ಇಳಕಲ್ ಸೀರೆ ತೆಗೆದು ಶುಭಾಳ ಕೈಗಿತ್ತಾಗ ಅವಳಿಗೆ ಗಾಬರಿಯಾಗಿ, ಒಂದ್ಸಲ ಡಾಕ್ಟರ್ ಹತ್ರ ತೋರಿಸೋಣವಾ ಅತ್ತೆ, ಎಂದು ಕೇಳಿದಳು. ಗಂಡನಿಗಂತೂ ಪಾಠವೇ ನಡೆಯಿತು. ನೀರು ಕೂಡ ಕೇಳಿ ಕುಡಿಯುವ ರೇವಣಸಿದ್ದಪ್ಪನವರನ್ನು ಒಲೆಯ ಮುಂದೆ ನಿಲ್ಲಿಸಿ ಚಹಾ ಮಾಡಲು ಕಲಿಸಿದರು. ಮೊದಲ ದಿನ ಹಾಲು ಉಕ್ಕಿತು, ಎರಡನೆಯ ದಿನ ಸಕ್ಕರೆ ಸುರಿಯಿತು. ಇದ್ಯಾಕ ಈಗ, ನೀ ಎಲ್ಲಿಗೆ ಹೊಂಟಿ, ಎಂದು ಅವರು ಗೊಣಗಿದರೆ, ಗಂಡಸ್ರಿಗೂ ಬರ್ಬೇಕು, ಎಂದಷ್ಟೇ ಹೇಳಿ ಕಲ್ಯಾಣಮ್ಮ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ವಚನಾ ಹೊರಡುವುದಕ್ಕೆ ಎರಡು ದಿನ ಇರುವಾಗ ಬೆಳಿಗ್ಗೆಯೇ ಹೂರಣ ರುಬ್ಬಿ ಹೋಳಿಗೆ ಮಾಡಿದರು. ಶುಭಾ ಮಗಳನ್ನು ಕರೆದುಕೊಂಡು ಬಕೆಟ್ಟು, ಬೀಗ ಅದೂ ಇದೂ ಕೊಳ್ಳಲು ವಿಜಯನಗರಕ್ಕೆ ಹೋಗಿದ್ದಳು. ಗಂಡ ಪಾರ್ಕಿನ ಗೆಳೆಯರ ಜೊತೆ ದೇಶ ಉದ್ಧಾರ ಮಾಡುತ್ತಿದ್ದರು. ಕಲ್ಯಾಣಮ್ಮ ನಡುಮನೆಯಲ್ಲಿ ಕೌದಿ ಹರವಿ, ನಾಲ್ಕನೇ ಮೂಲೆಯ ಮುಂದೆ ಕೂತು, ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡರು. ದಾರ ಪೋಣಿಸಲು ಹೋದರೆ ಅದರ ತುದಿ ಮತ್ತೆ ಮತ್ತೆ ಸೂಜಿಯ ಕಣ್ಣು ತಪ್ಪಿಹೋಗುತ್ತಿತ್ತು. ಅಷ್ಟೊತ್ತಿಗೆ ಯಶೋದಮ್ಮ ಬಂದರು. ಗೆಳತಿಯ ಮುಖ ನೋಡಿದವರೇ ಸೊಪ್ಪಿನ ಮೊರ ಕೆಳಗಿಟ್ಟು, ಏನಾಯ್ತು ಎಂದು ಕೇಳಿದರು.

"ಯಶೋದಮ್ಮಾರ, ನಿಮಗೊಂದು ಮಾತು ಹೇಳ್ಬೇಕು. ನಗಬಾರ್ದು ಮತ್ತ," ಎಂದರು ಕಲ್ಯಾಣಮ್ಮ. "ಈ ಮೂಲಿ ಮುಚ್ಚಿದ್ರ ನಾ ಉಳಿಯಂಗಿಲ್ಲ."

ಹೇಳಲು ಬಾಯಿ ತೆರೆದ ಮೇಲೆ ಎಲ್ಲವೂ ಬಂತು. ಕೌದಿಗೆ ಉಣಿಸುವ ಪದ್ಧತಿ, ಹೊಲಿದ ಕೈಯೇ ಮುಚ್ಚಬೇಕೆಂಬ ಕಟ್ಟು, ತಾಯಿ ಹೋದದ್ದು, ಅತ್ತೆ ಹೋದದ್ದು, ಹದಿನೆಂಟು ವರ್ಷದ ನೆಪಗಳು. ಯಶೋದಮ್ಮ ನಗಲಿಲ್ಲ. ತಮ್ಮ ಗಾರ್ಮೆಂಟ್ಸಿನ ಬುದ್ಧಿಯಲ್ಲಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ನಿಮ್ಮಮ್ಮ ಒಟ್ಟು ಎಷ್ಟು ಕೌದಿ ಹೊಲಿದಿದ್ರು?"

"ಅದನ್ನ ಯಾರು ಎಣಿಸ್ಯಾರ. ಬ್ಯಾಸಗಿಗೊಂದು."

"ಹಂಗಾದ್ರೆ ಆಯಮ್ಮ ಬೇಸಿಗೆಗೊಂದ್ ಸಲ ಸಾಯ್ಬೇಕಿತ್ತಲ್ರೀ."

ಕಲ್ಯಾಣಮ್ಮ ಸೂಜಿಯನ್ನು ಕೌದಿಗೆ ಚುಚ್ಚಿಟ್ಟರು. ಇಷ್ಟು ವರ್ಷದಲ್ಲಿ ಈ ಲೆಕ್ಕ ಅವರ ತಲೆಗೆ ಹೊಳೆದಿರಲಿಲ್ಲ. ಹೊಳೆದರೂ ಹೆದರಿಕೆ ಅಷ್ಟಕ್ಕೆಲ್ಲ ಜಗ್ಗುವ ಜಾತಿಯದಲ್ಲ. ಅವ್ವನ ಮಾತು ಬಿಡ್ರಿ, ವಯಸ್ಸಾಗಿತ್ತು ಎನ್ನೋಣ, ಆದರೆ ಅತ್ತೆ ಗಟ್ಟಿಮುಟ್ಟಾಗಿದ್ದವರು, ಇದೇ ಮನೆಯಲ್ಲಿ ಮೂಲೆ ಮುಚ್ಚಿ ತಿಂಗಳೊಳಗೆ ಹೋದರಲ್ಲ, ಅದಕ್ಕೇನಂತೀರಿ, ಎಂದು ಹಟ ಹಿಡಿದರು.

ಯಶೋದಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನಿಮ್ಮತ್ತೆ ಮುಚ್ಚಲಿಲ್ಲ ಕಣ್ರೀ," ಎಂದರು. "ಆ ಮೂಲೆ ಮುಚ್ಚಿದ್ದು ನಾನು."

ಕಲ್ಯಾಣಮ್ಮ ತವರಿಗೆ ಹೋಗಿದ್ದ ಆ ವಾರ, ಒಂದು ರಜಾ ದಿನ ಕಸ್ತೂರೆವ್ವ ಗೇಟಿನ ಬಳಿ ನಿಂತು ಯಶೋದಮ್ಮನನ್ನು ಕೂಗಿ ಕರೆದಿದ್ದರಂತೆ. ಮುದುಕಿಯ ಕಣ್ಣಿಗೆ ಪೊರೆ ಬಂದು ಹತ್ತಿರದ್ದೇನೂ ಕಾಣುತ್ತಿರಲಿಲ್ಲ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೂಲೆ ಮುಚ್ಚಲು ಹೋಗಿ ಬೆರಳೆಲ್ಲ ಚುಚ್ಚಿಕೊಂಡಿದ್ದರು. ನೀನು ಗಾರ್ಮೆಂಟ್ಸಿನಾಕಿ, ಇದೊಂದು ಮುಚ್ಚಿ ಕೊಡು, ನನ್ನ ಸೊಸಿಗೆ ಮಾತ್ರ ಹೇಳಬ್ಯಾಡ, ಇಡೀ ರೋಣಕ್ಕ ನನ್ನ ಕೈ ಗೊತ್ತು, ಎಂದು ಕೇಳಿಕೊಂಡರಂತೆ. ಯಶೋದಮ್ಮ ಮುಚ್ಚಿಕೊಟ್ಟರು. ಕೊಟ್ಟ ಮಾತು ಎಂದು ಬಾಯಿಯನ್ನೂ ಮುಚ್ಚಿಕೊಂಡರು. ಆಮೇಲೆ ಅಜ್ಜಿಯೇ ಇಲ್ಲವಾದ ಮೇಲೆ ಅದನ್ನೆತ್ತುವ ಪ್ರಸಂಗ ಬರಲಿಲ್ಲ. ಇವತ್ತಿನವರೆಗೆ ಅದೊಂದು ಹೇಳುವಂಥ ವಿಷಯ ಎಂದೂ ಅವರಿಗೆ ಅನ್ನಿಸಿರಲಿಲ್ಲ.

"ಇನ್ನೊಂದಿದೆ," ಎಂದು ಯಶೋದಮ್ಮ ತಟ್ಟೆಯ ಕಡೆ ನೋಡಿದರು. "ಅವತ್ತೂ ಹಿಂಗೇ ಪಕ್ಕದಲ್ಲಿ ತಟ್ಟೇಲಿ ಒಂದ್ ಚೂರು ಹೋಳಿಗೆ ಇತ್ತು. ಬಂದೋರಿಗೆ ಅಂತ ಇಟ್ಟಿದಾರೆ ಅಂದ್ಕೊಂಡು ತಿಂದ್ಬಿಟ್ಟೆ. ಅಜ್ಜಿಗೆ ಕಾಣ್ಲಿಲ್ಲ. ಹಾಕಿದ್ಯೇನವಾ ಅಂದ್ರು. ಬಾಯ್ಗೆ ಹಾಕ್ಕೊಂಡಿದ್ದು ಕೇಳ್ತಿದಾರೆ ಅಂತ, ಹೂಂ, ಚೆನ್ನಾಗಿತ್ತಜ್ಜಿ ಅಂದೆ."

ಕಲ್ಯಾಣಮ್ಮ ನಂಬಲಿಲ್ಲ. ಎದ್ದು ಹೋಗಿ, ದಿವಾನದ ಹಲಗೆ ಎತ್ತಿ, ತಳದಲ್ಲಿದ್ದ ಅತ್ತೆಯ ಕೌದಿಯನ್ನು ಎಳೆದು ತಂದರು. ಕಸ್ತೂರೆವ್ವ ಹೋದ ಮೇಲೆ ಅದನ್ನು ಎಷ್ಟೋ ಚಳಿಗಾಲ ಹೊದ್ದಿದ್ದರು. ಆದರೆ ಆ ನಾಲ್ಕನೇ ಮೂಲೆಯನ್ನು ಮಾತ್ರ ಸದಾ ಕಾಲಿನ ಕಡೆಗೆ ಹಾಕಿ, ಹಾಸಿಗೆಯ ಅಡಿ ತುರುಕಿಬಿಡುತ್ತಿದ್ದರು. ಒಗೆಯುವಾಗಲೂ ಮಡಚುವಾಗಲೂ ಅದರ ಮೇಲೆ ಕಣ್ಣು ಹಾಯಿಸಿದ್ದಿಲ್ಲ. ಹೊಲಿಗೆ ನೋಡಿ ಯಾರ ಕೈ ಎಂದು ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದವರು, ನೋಡಬೇಕಾದ ಒಂದೇ ಒಂದು ಕಡೆ ನೋಡಿರಲಿಲ್ಲ. ಈಗ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

ಮೂರು ಮೂಲೆಗಳಲ್ಲಿ ಕಸ್ತೂರೆವ್ವನ ಉದ್ದುದ್ದ ಹೊಲಿಗೆ, ಜೋಳದ ಸಾಲಿನಂತೆ ಒಂದರ ಹಿಂದೊಂದು. ನಾಲ್ಕನೆಯದರಲ್ಲಿ ಒತ್ತೊತ್ತಾಗಿ, ಒಂದು ಎಳೆಯೂ ಕಾಣದಂತೆ ಹಾಕಿದ ಹೆಮ್ಮಿಂಗು, ಅಂಗಿಯ ಕಾಲರಿಗೆ ಹಾಕುವಂಥದು. ರೋಣದ ಯಾವ ಹೆಂಗಸೂ ಕೌದಿಗೆ ಹೆಮ್ಮಿಂಗ್ ಹಾಕಿದ ಉದಾಹರಣೆಯಿಲ್ಲ.

"ನೋಡ್ಕೊಳಿ," ಎಂದರು ಯಶೋದಮ್ಮ. "ಮುಚ್ಚಿದೋರು ಸಾಯೋದಾದ್ರೆ ನಾನ್ ಯಾವಾಗ್ಲೋ ಹೋಗ್ಬೇಕಿತ್ತು. ಮಂಡಿ ನೋವೊಂದು ಬಿಟ್ರೆ ಕಲ್ಲುಗುಂಡಿನಂಗೆ ಕೂತಿಲ್ವ ನಿಮ್ ಮುಂದೆ?"

ಕಲ್ಯಾಣಮ್ಮ ಆ ಮೂಲೆಯನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತರು. ಮೊದಲು ಬಂದದ್ದು ನಗು. ಕೌದಿಯ ಪಾಲಿನ ಹೋಳಿಗೆ ತಿಂದು ಚೆನ್ನಾಗಿತ್ತು ಎಂದವಳ ಮುಖ ನೋಡಿದಷ್ಟೂ ನಗು ಉಕ್ಕಿತು. ನಗುತ್ತ ನಗುತ್ತಲೇ ಅಳು ಬಂತು. ಜೊತೆಯಲ್ಲೇ ಅತ್ತೆಯ ಮೇಲೆ ಸಿಟ್ಟೂ ಬಂತು. ಕಣ್ಣು ಕಾಣಂಗಿಲ್ಲ ಅಂತ ಒಂದು ಮಾತು ನನಗ ಹೇಳಿದ್ರ ಏನು ಕಳಕೋತಿದ್ದಿ, ಎಂದು ಇಲ್ಲದ ಅತ್ತೆಯನ್ನು ಗದರಿದರು. ಮುದುಕಿ ತಮ್ಮ ಕಣ್ಣೆದುರಿಗೇ ಕುರುಡಾಗುತ್ತಿದ್ದರೂ ತಮಗೆ ತಿಳಿಯಲಿಲ್ಲವಲ್ಲ ಎಂದು ಸಂಕಟವಾಯಿತು. ಅದೆಲ್ಲದರ ಅಡಿಯಲ್ಲಿ, ಹದಿನೆಂಟು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು, ಉಸಿರು ಪೂರ್ತಿ ಒಳಗೆ ಹೋಗಿ ಬಂದದ್ದು ಅವರಿಗೇ ಗೊತ್ತಾಯಿತು. ಇಷ್ಟು ದಿನ ನಾನು ಅರ್ಧ ಉಸಿರಿನಲ್ಲೇ ಬದುಕಿದ್ದೆ ಅನ್ನಿಸಿತು.

ಮುಖ ತೊಳೆದು ಬಂದು ಮತ್ತೆ ಕೂತರು. ದಾರ ಒಂದೇ ಸಲಕ್ಕೆ ಸೂಜಿಯ ಕಣ್ಣು ದಾಟಿತು. ಇನ್ನೊಂದು ತಟ್ಟೆಯಲ್ಲಿ ಇಡೀ ಹೋಳಿಗೆಯೊಂದಕ್ಕೆ ತುಪ್ಪ ಸುರಿದು ಗೆಳತಿಯ ಮುಂದೆ ಇಟ್ಟರು.

"ಇದು ನಿಮ್ದು, ಅದು ಕೌದೀದು. ಈ ಸಲ ಅದಲು ಬದಲು ಮಾಡಬ್ಯಾಡ್ರಿ."

ಚೂರು ಹೋಳಿಗೆ ಮೂಲೆಯೊಳಗೆ ಹೋಯಿತು. ಅದರ ಮೇಲೆ ತ್ರಿಕೋನದ ತುಂಡು. ಅದಕ್ಕಾಗಿ ಕಲ್ಯಾಣಮ್ಮ ಎತ್ತಿಟ್ಟಿದ್ದದ್ದು ವಚನಾ ಹುಟ್ಟಿದಾಗ ಅವಳನ್ನು ಸುತ್ತಿಕೊಂಡು ಬಂದಿದ್ದ ಸೀರೆಯ ಚೂರು, ಮಾಸಿ ಯಾವ ಬಣ್ಣ ಎಂದು ಹೇಳಲು ಬಾರದಂತಾಗಿತ್ತು. ಉದ್ದುದ್ದ ಹೊಲಿಗೆ ಹಾಕುತ್ತ ಹೋದರು. ಕೊನೆಯ ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದರು. ಏನೂ ಆಗಲಿಲ್ಲ. ಹೊರಗೆ ತರಕಾರಿ ಗಾಡಿಯವನು ಮೈಕಿನಲ್ಲಿ ಟೊಮೇಟೊ ಎಂದು ಕೂಗುತ್ತ ಹೋದ.

ಮಧ್ಯಾಹ್ನ ಮನೆಗೆ ಬಂದ ವಚನಾ ನಾಲ್ಕೂ ಮೂಲೆ ಮುಚ್ಚಿದ ಕೌದಿಯ ಮೇಲೆ ಚೀಲ ಸಮೇತ ಬಿದ್ದಳು. ಅಮ್ಮ ಮಗಳು ಇಬ್ಬರೂ ಎತ್ತಿ ನೋಡಿ, ಇದನ್ನು ರೈಲಿಗೆ ಹತ್ತಿಸಲು ಕೂಲಿಯವನೇ ಬೇಕು ಎಂದು ನಕ್ಕರು. ರೇವಣಸಿದ್ದಪ್ಪ ಪಾರ್ಕಿನಿಂದ ಬಂದು, ಬಾಗಿಲಲ್ಲೇ ಚಪ್ಪಲಿ ಬಿಡುತ್ತ, ಮುಗೀತಾ, ಹಂಗಾದ್ರ ಇನ್ನ ಮೋರಿ ಕೆಲಸ ಒಂದ ಉಳೀತು, ಎಂದರು. ಹೆಂಡತಿ ಎಂದೂ ಇಲ್ಲದಷ್ಟು ಜೋರಾಗಿ ನಕ್ಕಿದ್ದು ಕಂಡು ಅವರಿಗೇ ತಮ್ಮ ಮಾತು ಅಷ್ಟು ಚೆನ್ನಾಗಿತ್ತೇ ಎಂದು ಅನುಮಾನ ಬಂತು.

ಮರುದಿನ ಕಲ್ಯಾಣಮ್ಮನಿಗೆ ಎಂದಿನಂತೆ ನಸುಕಿನಲ್ಲಿ ಎಚ್ಚರವಾಯಿತು. ಕಣ್ಣು ತೆರೆಯಲು ಮಾತ್ರ ಒಂದು ಕ್ಷಣ ಧೈರ್ಯ ಸಾಲಲಿಲ್ಲ. ಎಷ್ಟೇ ಹೇಳಿ, ಹದಿನೆಂಟು ವರ್ಷದ ಅಭ್ಯಾಸ ಒಂದು ಹೋಳಿಗೆಗೆ ಪೂರ್ತಿ ಬಿಟ್ಟುಹೋಗುವುದೇ? ಹಾಗೇ ಮಲಗಿ ಕಿವಿಗೊಟ್ಟರು. ಹಾಲಿನ ಹುಡುಗ ಪಾಕೀಟನ್ನು ಗೇಟಿನ ಚೀಲಕ್ಕೆ ಹಾಕಿದ ಸದ್ದು. ನೀರಿನ ಮೋಟಾರು ಶುರುವಾದ ಸದ್ದು. ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದರು. ಕಣ್ಣು ತೆರೆದು ಎದ್ದು ಹೋಗಿ ನೋಡಿದರೆ ರೇವಣಸಿದ್ದಪ್ಪ ಒಲೆಯ ಮುಂದೆ ನಿಂತು, ಸಕ್ಕರೆ ಡಬ್ಬಿ ಹುಡುಕುತ್ತಿದ್ದರು.

"ನಾ ಎದ್ದೀನಿ," ಎಂದರು ಕಲ್ಯಾಣಮ್ಮ.

"ಏಳದ ಏನು ಮಾಡಾಕಿ ನೀ? ಸಕ್ರಿ ಎಲ್ಲೈತಿ?"

ಆಗಲೇ ಗೇಟು ಕಿರುಗುಟ್ಟಿತು. ಕಲ್ಯಾಣಮ್ಮ ಮುಂಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಯಶೋದಮ್ಮ. ಅಡುಗೆ ಮುಗಿಯದೆ ಈ ಮನೆಗೆ ಕಾಲಿಡದವರು, ಇನ್ನೂ ಬೆಳಕು ಹರಿಯುವ ಮುಂಚೆ, ತಲೆ ಕೂಡ ಬಾಚದೆ, ಎಡಬಲ ಅದಲು ಬದಲಾಗಿ ಮೆಟ್ಟಿದ ಚಪ್ಪಲಿಯಲ್ಲಿ ನಿಂತಿದ್ದರು. ಬಾಗಿಲು ತೆರೆದವರ ಮುಖ ಕಂಡೊಡನೆ ಅವರ ಹೆಗಲು ಸಡಿಲವಾಗಿ ಕೆಳಗಿಳಿಯಿತು.

"ಹೆಪ್ಪು ಖಾಲಿಯಾಗಿತ್ತು," ಎಂದರು ಯಶೋದಮ್ಮ. "ಒಂಚೂರು ಮೊಸರು ಇಸ್ಕೊಂಡು ಹೋಗೋಣ ಅಂತ ಬಂದೆ."

ಕಲ್ಯಾಣಮ್ಮ ಅವರ ಕೈ ನೋಡಿದರು. ಒಂದು ಲೋಟವಿರಲಿಲ್ಲ, ಬಟ್ಟಲಿರಲಿಲ್ಲ, ಎರಡೂ ಕೈ ಬರಿದಾಗಿದ್ದವು. ಆ ಕೈಗಳನ್ನು ಹಿಡಿದುಕೊಂಡರು. ತಣ್ಣಗಿದ್ದವು.

"ಅದೀನಿ, ಅದೀನಿ," ಎಂದರು. "ಒಳಗ ಬರ್ರಿ. ನಮ್ಮನಿಯವ್ರು ಚಹಾ ಮಾಡ್ಯಾರ."